ಹೆಕ್ಟೇರಿನ ಸಂಖ್ಯೆ, ಎಕರೆಯ ಹಣೆಪಟ್ಟಿ

ನಮ್ಮ ಆಫೀಸಿನಲ್ಲಿ ಇದನ್ನು ಎರಡು ಕಥೆ ಮಾಡಿ ಹೇಳುತ್ತಾರೆ. ಒಂದು: ಇಜೇರಿಯಲ್ಲಿ ಡ್ರೋನ್ ಹಾರಿಸುವ ಹೆಂಗಸು ಕೀಟನಾಶಕಕ್ಕೆ ಕೊಸರು, ಅಂದರೆ ಅಳತೆಯ ಮೇಲೊಂದಿಷ್ಟು, ಸೇರಿಸಿದಳು, ತೊಗರಿ ಸುಟ್ಟಿತು. ಎರಡು: ಅದೇ ಹೊತ್ತಿಗೆ ಸಾಫ್ಟ್‌ವೇರಿನಲ್ಲಿ ನಕ್ಷತ್ರ ಚಿಹ್ನೆಯದೊಂದು ಸಣ್ಣ ತೊಂದರೆ ಇತ್ತು, ಒಂದು ಸಾಲು ಸೇರಿಸಿ ಸರಿ ಮಾಡಿದರು. ಮೊದಲನೆಯದನ್ನು ಹೇಳುವಾಗ ದನಿ ತಗ್ಗುತ್ತದೆ, ಎರಡನೆಯದಕ್ಕೆ ನಗು ಬರುತ್ತದೆ. ಎರಡರ ನಡುವೆ ಚಹಾ ಬರುತ್ತದೆ.

ಇವು ಎರಡು ಕಥೆ ಎಂದು ತೀರ್ಮಾನಿಸಿದವರು ಯಾರು? ಯಾವ ಆಧಾರದ ಮೇಲೆ? ಕಾಲೇಜಿನ ಚರ್ಚಾಕೂಟದಲ್ಲಿ ನಮಗೆ ಕಲಿಸಿದ ಮೊದಲ ಪಾಠವೇ ಇದು: ಎದುರಾಳಿ ಒಂದು ಸಂಗತಿಯನ್ನು ಎರಡಾಗಿ ಕತ್ತರಿಸಿ ಮುಂದಿಟ್ಟರೆ ತುಂಡುಗಳನ್ನು ನೋಡಬೇಡ, ಕತ್ತರಿ ಎಲ್ಲಿ ಬಿತ್ತು ಎಂದು ನೋಡು.

ನಾನು ಕೆಲಸ ಮಾಡುವುದು ಆಳಂದದ ಒಂದು ರೈತರ ಕಂಪನಿಯಲ್ಲಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಬೆಳೆಗೆ ಕೀಟನಾಶಕ ಹೊಡೆಯುವ ತಂಡಗಳು ನಮ್ಮವಿವೆ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಎನ್ನುತ್ತಾರೆ. ಯಾವ ಬೆಳೆ, ಯಾವ ಹುಳ, ಯಾವ ಯಂತ್ರ ಎಂದು ತಂಡದವರು ಫೋನಿನಲ್ಲಿ ತುಂಬಿದರೆ ಎಷ್ಟು ಎಣ್ಣಿ ಹಾಕಬೇಕೆಂದು ನಮ್ಮ ಪ್ರೋಗ್ರಾಮು ಸಂದೇಶ ಕಳಿಸುತ್ತದೆ. ಅದನ್ನು ಬರೆಯುವವರು ಇಬ್ಬರು: ನಾನು, ಮತ್ತು ಸೊಲ್ಲಾಪುರದಲ್ಲಿ ಕೂತು ಕೆಲಸ ಮಾಡುವ ನಮ್ಮ ಸೀನಿಯರ್. ಭಾಷೆ ಹ್ಯಾಸ್ಕೆಲ್. ಅದನ್ನು ಆರಿಸಿದ್ದು ಸೀನಿಯರ್. ಅವರ ಕಾರಣ ಸರಿಯಾಗಿಯೇ ಇತ್ತು. ಈ ಭಾಷೆಯಲ್ಲಿ ಪ್ರತಿ ಸಂಖ್ಯೆಗೂ ಟೈಪ್ ಎಂಬ ಹಣೆಪಟ್ಟಿ ಅಂಟಿಸಬಹುದು. ಇದು ಮಿಲಿ, ಇದು ಎಕರೆ, ಇದು ಎಕರೆಗಿಷ್ಟು ಮಿಲಿ. ಮಿಲಿಗೆ ಎಕರೆ ಕೂಡಿಸಲು ಹೋದರೆ ಪ್ರೋಗ್ರಾಮು ಓಡುವ ಮುಂಚೆಯೇ ಕಂಪೈಲರ್ ತಡೆಯುತ್ತದೆ. ಮನುಷ್ಯ ಮರೆತದ್ದನ್ನು ಹಣೆಪಟ್ಟಿ ನೆನಪಿಡುತ್ತದೆ.

ಮಳೆಗಾಲ ಮುಗಿಯುತ್ತಿದ್ದಂತೆ ಸೀನಿಯರ್ ಒಂದು ಬದಲಾವಣೆ ತಂದರು. ಅಲ್ಲಿಯತನಕ ಹಣೆಪಟ್ಟಿಗಳನ್ನು ಉದ್ದುದ್ದ ಹೆಸರಿನಲ್ಲಿ ಬರೆಯುತ್ತಿದ್ದೆವು. ಇನ್ನು ಮೇಲೆ ಗಣಿತದ ಚಿಹ್ನೆಯಲ್ಲೇ ಬರೆಯೋಣ, ಗುಣಾಕಾರಕ್ಕೆ ನಕ್ಷತ್ರ, ಭಾಗಾಕಾರಕ್ಕೆ ಓರೆಗೀಟು ಎಂದರು. ಟೈಪುಗಳ ಮಟ್ಟದಲ್ಲೇ ಚಿಹ್ನೆ ಬಳಸಲು ಆ ಭಾಷೆ ಬಿಡುತ್ತದೆ.

"ಓದಾಕ ಛಂದ ಕಾಣ್ತದ ನೋಡು," ಅಂದರು.

"ಯಾರಿಗಿ ಛಂದ ಸರ್? ಓದವ್ರು ನಾವಿಬ್ಬರೇ."

"ನಿನಗ ವಾದಾ ಮಾಡ್ಲಿಕ್ಕ ಒಂದ್ ಕಾರಣ ಬೇಕಷ್ಟೇ."

ಹೊಸ ಫೈಲು ಕಂಪೈಲ್ ಆಗಲೇ ಇಲ್ಲ. ದೋಷದ ಸಂದೇಶ ಓದಿದರೆ ತಲೆಬುಡ ತಿಳಿಯದು. ನಾನು ಬರೆದದ್ದು ಎರಡು ಟೈಪುಗಳ ಗುಣಾಕಾರ. ಕಂಪೈಲರ್ ದೂರುತ್ತಿದ್ದದ್ದು ಒಂದು ಟೈಪಿಗೆ ನಾನು ಬೇಡದ ಎರಡು ಸಂಗತಿ ಉಣಿಸಿದ್ದೇನೆ ಎಂದು. ಕುರ್ಚಿ ಬಿಟ್ಟೆದ್ದು ಕಿಟಕಿಗೂ ಬಾಗಿಲಿಗೂ ಓಡಾಡಿದೆ. ಕೊನೆಗೆ ಸಿಕ್ಕಿತು. ಟೈಪುಗಳ ಜಾಗದಲ್ಲಿ ನಕ್ಷತ್ರಕ್ಕೆ ಹಳೆಯ ಕಾಲದಿಂದ ಬೇರೊಂದು ಅರ್ಥವಿದೆ, 'ಎಲ್ಲ ಸಾಮಾನ್ಯ ಟೈಪುಗಳ ಕುಲ' ಎಂದು. ಸಾಲನ್ನು ಓದಿ ಯಾವುದು ಯಾವುದರ ಜೊತೆ ಸೇರಬೇಕೆಂದು ತೀರ್ಮಾನಿಸುವ ಭಾಗಕ್ಕೆ ಪಾರ್ಸರ್ ಎನ್ನುತ್ತಾರೆ. ನಮ್ಮ ಪಾರ್ಸರ್ ನಕ್ಷತ್ರವನ್ನು ಗುಣಾಕಾರ ಎಂದು ಓದದೆ ಒಂದು ವಸ್ತು ಎಂದು ಓದಿತ್ತು. ಮೂರು ವಸ್ತು ಸಾಲಾಗಿ ನಿಂತಿವೆ, ನಡುವೆ ಕ್ರಿಯೆಯೇ ಇಲ್ಲ. ಆ ಹಳೆಯ ಅರ್ಥ ಬೇಡ ಎನ್ನುವ ಸಾಲೊಂದಿದೆ. ಅದನ್ನು ಫೈಲಿನ ತಲೆಗೆ ಹಾಕಬೇಕು, ಪ್ರತಿ ಫೈಲಿಗೂ ಬೇರೆ ಬೇರೆ. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಟ್ಟು ಒಂದು ಇಡೀ ದಿನ ಕಳೆದೆವು. ಆಮೇಲೆ ಸರಿಹೋಯಿತು. ಆಫೀಸಿನವರು ನಗುತ್ತ ಹೇಳುವ ನಕ್ಷತ್ರದ ತೊಂದರೆ ಇಷ್ಟೇ. ಅಲ್ಲಿಯತನಕ ನನ್ನ ತಕರಾರೂ ಇಲ್ಲ.

ಮರುದಿನ ನನ್ನನ್ನು ಅಫಜಲಪುರಕ್ಕೆ ಕಳಿಸಿದರು. ಕಬ್ಬಿಗೆ ಟ್ರ್ಯಾಕ್ಟರಿನ ಟಾಕಿ, ಅಂದರೆ ಟ್ಯಾಂಕಿನಿಂದ ಎಣ್ಣಿ ಹೊಡೆಯುವ ತಂಡಕ್ಕೆ ಫೋನಿನಲ್ಲಿ ಪ್ರೋಗ್ರಾಮು ಹಾಕಿ ಕಲಿಸಬೇಕಿತ್ತು. ಉಳಿದ ಫೈಲುಗಳನ್ನು ತಾವೇ ಮುಗಿಸಿ ಹೊಸ ಆವೃತ್ತಿ ಬಿಡುವುದಾಗಿ ಸೀನಿಯರ್ ಹೇಳಿದರು. ಆತುರಕ್ಕೆ ಕಾರಣವಿತ್ತು. ತೊಗರಿ ಹೂವಿಗೆ ಬಂದಿತ್ತು, ಕಾಯಿಕೊರಕ ಹುಳ ಕಾಣಿಸಿತ್ತು. ಹೂವಿನ ಹೊತ್ತಿಗೆ ಎಣ್ಣಿ ಬೀಳದಿದ್ದರೆ ಆಮೇಲೆ ಹೊಡೆದು ಫಲವಿಲ್ಲ.

ಅಫಜಲಪುರದಲ್ಲಿ ಇರುವಾಗಲೇ ಸುದ್ದಿ ಬಂತು. ಜೇವರ್ಗಿ ತಾಲೂಕಿನ ಇಜೇರಿಯಲ್ಲಿ ಒಂದು ಹೊಲದ ತೊಗರಿ ಎಲೆ ಸುಟ್ಟಿದೆ, ಹೂ ಉದುರಿದೆ. ಹಾರಿಸಿದ್ದು ನಮ್ಮ ಡ್ರೋನ್. ಹಾರಿಸಿದವಳು ಎಲ್ಲರೂ ಆಪಾ, ಅಂದರೆ ಅಕ್ಕ, ಎಂದು ಕರೆಯುವ ಇಜೇರಿಯ ಹೆಂಗಸು, ಮೂರು ತಾಲೂಕಿನಲ್ಲಿ ನಮ್ಮ ಏಕೈಕ ಮಹಿಳಾ ಪೈಲಟ್. ಡೈರೆಕ್ಟರ್ ಕಾಕಾ, ಅಂದರೆ ಕಂಪನಿ ನಡೆಸುವ ಹಿರಿಯರು, ಆಗಲೇ ಆಕೆಯ ಕೈಯಿಂದ ಡ್ರೋನ್ ಇಸಿದುಕೊಂಡಿದ್ದರು.

"ಆಕಿ ಕೊಸರು ಹಾಕೀನಂತ ತಾನೇ ಒಪ್ಪ್ಯಾಳ," ಎಂದರು ಫೋನಿನಲ್ಲಿ. "ಮುಗೀತು ಮಾತು."

ಮುಗಿದ ಮಾತೆಂದರೆ ನನಗೆ ಮೊದಲಿಂದಲೂ ಆಗಿಬರುವುದಿಲ್ಲ. ಆಳಂದಕ್ಕೆ ಹಿಂತಿರುಗುವ ಬದಲು ಜೇವರ್ಗಿಗೆ ಬಸ್ ಹತ್ತಿದೆ. ಬಸ್ಸು ಕಂಡಕಂಡಲ್ಲೆಲ್ಲ ನಿಲ್ಲುತ್ತಿತ್ತು. ಡ್ರೈವರ್ ಇಳಿದು ಯಾರದೋ ಜೊತೆ ಮಾತಿಗೆ ನಿಂತರೆ ನನ್ನ ಕಾಲು ತಾನಾಗಿ ನೆಲ ಕುಟ್ಟುತ್ತಿತ್ತು.

ಆಪಾ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ಕಂಡು ಏಳಲಿಲ್ಲ.

"ಬಂದ್ಯಾ ಬೇ? ಆಫೀಸಿನವ್ರು ಜಡ್ಜ್ ಮಾಡಿ ಕಳಸ್ಯಾರೋ, ವಕೀಲ್ ಮಾಡಿ ಕಳಸ್ಯಾರೋ?"

"ಯಾರೂ ಕಳಸಿಲ್ಲ ಆಪಾ. ನಾನೇ ಬಂದೀನಿ."

"ಹಂಗಾರ ಚಾ ಕುಡಿ. ಕಳಸಿದವ್ರಿಗಿ ಚಾ ಇಲ್ಲ."

ಚಹಾ ಕುಡಿದು ನೇರ ಕೇಳಿದೆ, ಕೊಸರು ಹಾಕಿದ್ದು ಖರೆಯೇ ಎಂದು.

"ಹಾಕೀನಿ. ಸುಳ್ಳ ಯಾಕ ಹೇಳ್ಲಿ? ಹೊಲದ ಮಾಲಕ ಬದುವಿನ ಮ್ಯಾಲ ನಿಂತಿರ್ತಾನ. 'ಇಷ್ಟೇ ಏನ್ ಆಪಾ, ಜರಾ ಮ್ಯಾಲೊಂದು ಹಾಕ್ರಿ' ಅಂತಾನ. ಹಾಕ್ಲಿಲ್ಲಂದ್ರ ಮಾರಿ ಸಣ್ಣ ಮಾಡ್ತಾನ, ಮುಂದಿನ ಸಲ ಕರಿಯಂಗಿಲ್ಲ. ನೀ ಕಾಯಿಪಲ್ಯಾ ತೊಗೊಂಡ್ರ ಕೊತ್ತಂಬರಿ ಕೇಳ್ತಿ ಇಲ್ಲೇನು?"

"ಕೊತ್ತಂಬರಿಯಿಂದ ತೊಗರಿ ಸುಡಂಗಿಲ್ಲ ಆಪಾ."

"ಬಾಯಿ ಭಾಳ ಅದ ನಿಂದು."

ಆಕೆ ಹೇಳಿದ್ದು ಸುಳ್ಳಲ್ಲ. ಬೆನ್ನಿಗೆ ಕೈಪಂಪು ಕಟ್ಟಿ ಹೊಡೆಯುವ ತಂಡಗಳೂ ಹಾಕುತ್ತವೆ, ಟ್ರ್ಯಾಕ್ಟರಿನವರೂ ಹಾಕುತ್ತಾರೆ. ಅಳತೆ ಮುಗಿದ ಮೇಲೆ ಮಾಲಕನ ಕಣ್ಣೆದುರು ಒಂದು ಮುಚ್ಚಳ ಮೇಲೆ ಸುರಿಯುವುದು ಇಲ್ಲಿ ಮರ್ಯಾದೆಯ ಪ್ರಶ್ನೆ. ಇದು ತಪ್ಪು ಪದ್ಧತಿ, ಆಪಾಗೂ ಹಾಗೇ ಹೇಳಿದೆ. ಆದರೆ ಪ್ರಶ್ನೆ ಅದು ತಪ್ಪೋ ಸರಿಯೋ ಎಂಬುದಲ್ಲ. ಅದರಿಂದ ಹೊಲ ಸುಟ್ಟಿತೇ ಎಂಬುದು.

"ಅವತ್ತು ಎಷ್ಟು ಹಾಕಿದ್ರಿ ಅಷ್ಟೇ ನೀರು ಹಾಕಿ ತೋರಸ್ರಿ," ಎಂದೆ.

ತೊಳೆದಿಟ್ಟ ಮುಚ್ಚಳದಲ್ಲಿ ನೀರು ತುಂಬಿ ಅಳತೆ ಗ್ಲಾಸಿಗೆ ಸುರಿದಳು. ಫೋನಿನ ಸಂದೇಶ ಹೇಳಿದ್ದ ಪ್ರಮಾಣದ ಪಕ್ಕದಲ್ಲಿ ಅದು ಇಪ್ಪತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಹೊಲಕ್ಕೆ ಹೋದೆವು. ಡ್ರೋನ್ ಹೋಗಿ ಬಂದ ಪಟ್ಟೆಗಳಲ್ಲಿ ಎಲೆಯ ಅಂಚು ಕಂದಿತ್ತು, ಎರಿಯ ಕಪ್ಪು ನೆಲದ ಮೇಲೆ ಹಳದಿ ಹೂ ಉದುರಿ ಬಾಡಿದ್ದವು. ಇಪ್ಪತ್ತರಲ್ಲಿ ಒಂದು ಪಾಲಿಗೆ ಇಷ್ಟು ಸುಡುವುದೆಂದರೆ ನನಗೆ ನಂಬಿಕೆ ಹುಟ್ಟಲಿಲ್ಲ.

"ಫೋನ್ ಹೇಳಿದ್ದೇ ಜಾಸ್ತಿ ಅನಿಸಲಿಲ್ಲೇನು?"

"ಹೊಸ ಎಣ್ಣಿ ಅಂದ್ರು. ಹೊಸಾದಕ್ಕ ಹೊಸ ಲೆಕ್ಕ ಇರ್ತದ ಅಂದ್ಕೊಂಡೆ." ಬಗ್ಗಿ ಒಂದು ಹೂ ಎತ್ತಿ, ನೋಡಿ, ಬಿಟ್ಟಳು. "ನನ್ನ ಮಾತು ಬಿಡು. ಮಷೀನ್ ನಡಸಾಕ ಕಲಿಯೋವಾಗ ಊರಾಗ ಏನ್ ಅಂದ್ರು ಗೊತ್ತದಲ್ಲ? ಈಗ ಅವ್ರು ಹೇಳಿದ್ದೇ ಖರೆ ಆತು. ಮತ್ತ ಒಬ್ಬ ಹುಡುಗಿಗಿ ಆ ಮಷೀನ್ ಯಾರೂ ಕೊಡಂಗಿಲ್ಲ."

ಕಲಬುರಗಿಯಲ್ಲಿ ಬಸ್ ಬದಲಿಸಿ ಆಳಂದ ಮುಟ್ಟುವ ತನಕ ಆ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ಚರ್ಚೆಯಲ್ಲಿ ಸೋತರೆ ಸೋತವಳು ನಾನೊಬ್ಬಳೇ. ಇಲ್ಲಿ ಹಾಗಿಲ್ಲ.

ಆಫೀಸಿಗೆ ಬಂದವಳೇ ಮೊದಲು ತಪ್ಪು ಜಾಗದಲ್ಲಿ ಹುಡುಕಿದೆ. ನಕ್ಷತ್ರದ ಮೇಲೇ ಗುಮಾನಿ ಇಟ್ಟು, ಪ್ರತಿ ಫೈಲಿನ ತಲೆ ನೋಡಿದೆ. ಎಲ್ಲ ಕಡೆ ಆ ಸಾಲಿತ್ತು. ಕಂಪೈಲರಿನ ಹಳೆಯ ಆವೃತ್ತಿ ಹಾಕಿ ನೋಡಿದೆ, ವ್ಯತ್ಯಾಸವಿಲ್ಲ. ಆಳಂದ ತಾಲೂಕಿನ ಮಟಕಿ ಮತ್ತು ಮಾದನಹಿಪ್ಪರಗಾದ ಕೈಪಂಪಿನ ತಂಡಗಳಿಗೆ ಹೋದ ಸಂದೇಶ ತೆಗೆದೆ. ಎಲ್ಲ ಸರಿ. ಸೀನಿಯರಿಗೆ ಫೋನ್ ಮಾಡಿದೆ.

"ಮಟಕಿದಾಗ ಸರಿ ಅದ ಅಂದ್ರ ಪ್ರೋಗ್ರಾಮ್ ಸರಿ ಅದ," ಎಂದರು. "ಒಂದೇ ಕೋಡ್ ಅಲ್ಲೇನು ಎಲ್ಲಾ ಕಡೆ?"

ಒಳ್ಳೆಯ ವಾದ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ ನೋಡು, ಆಗ ಬಿರುಕು ಕಾಣುತ್ತದೆ ಎಂದು ಕಲಿತಿದ್ದೇನೆ. ಹೇಳಿ ನೋಡಿದೆ: ಮಟಕಿಯಲ್ಲೂ ಇಜೇರಿಯಲ್ಲೂ ಪ್ರೋಗ್ರಾಮು ಒಂದೇ ಲೆಕ್ಕ ಮಾಡುತ್ತದೆ. ಮಾಡುತ್ತದೆಯೇ? ಕೈಪಂಪು ಬೆನ್ನಿಗೆ ಕಟ್ಟುವವರು ಎಕರೆಯ ಲೆಕ್ಕ ಕೇಳುವುದೇ ಇಲ್ಲ. ನಮ್ಮ ಅಪ್ಪನೂ ಕೇಳಿದವರಲ್ಲ. "ಟಾಕಿಗಿ ಎಷ್ಟು?" ಎನ್ನುತ್ತಾರೆ ಅಷ್ಟೇ. ಟಾಕಿಗೆ ಇಷ್ಟು ಲೀಟರ್ ನೀರು, ಲೀಟರಿಗೆ ಇಷ್ಟು ಎಣ್ಣಿ. ಟ್ರ್ಯಾಕ್ಟರಿನವರದೂ ಹಾಗೇ. ಅವರ ಲೆಕ್ಕದಲ್ಲಿ ಜಮೀನಿನ ಅಳತೆ ಬರುವುದಿಲ್ಲ. ಡ್ರೋನ್ ಮಾತ್ರ ನೆಲವನ್ನು ಅಳೆದು ಹಾರುತ್ತದೆ. ಎಣ್ಣಿ ಕಂಪನಿಯವರು ಪ್ರಮಾಣ ಕೊಡುವುದು ಹೆಕ್ಟೇರಿಗೆ, ನಮ್ಮವರ ಜಮೀನು ಇರುವುದು ಎಕರೆಯಲ್ಲಿ. ಅದನ್ನು ಇದಕ್ಕೆ ಇಳಿಸುವ ಫೈಲು ಓಡುವುದು ಡ್ರೋನಿಗೆ ಮಾತ್ರ. ಹೊಸ ಆವೃತ್ತಿ ಬಿಟ್ಟ ಮೇಲೆ ಹಾರಿದ್ದು ಆಪಾಳ ಡ್ರೋನ್ ಒಂದೇ.

ಆ ಫೈಲು ತೆರೆದೆ. ಹಣೆಪಟ್ಟಿಯ ಸಾಲು ಹೀಗಿತ್ತು:

ಮಿಲಿ / ಹೆಕ್ಟೇರ್ * ಹೆಕ್ಟೇರ್ / ಎಕರೆ

ಓದಲು ಛಂದವೇ. ಹೆಕ್ಟೇರಿಗಿಷ್ಟು ಮಿಲಿ, ಅದನ್ನು ಎಕರೆಗೆಷ್ಟು ಹೆಕ್ಟೇರ್ ಎಂಬುದರಿಂದ ಗುಣಿಸು, ಹೆಕ್ಟೇರ್ ಹೆಕ್ಟೇರ್ ಹೊಡೆದು ಹೋಗಿ ಎಕರೆಗಿಷ್ಟು ಮಿಲಿ ಉಳಿಯುತ್ತದೆ. ಅದರ ಕೆಳಗಿನ ಸಾಲು ನೋಡಿದವಳೇ ಎದ್ದು ನಿಂತೆ. ಅಲ್ಲಿ ಗುಣಾಕಾರದ ಬದಲು ಕಂಪೈಲರಿಗೆ 'ಸುಮ್ಮನೆ ಒಪ್ಪಿಕೋ' ಎಂದು ಹೇಳುವ ಆದೇಶವಿತ್ತು. ಭಾಷೆಯಲ್ಲಿ ಅಂಥದೊಂದು ಇದೆ, ಹೆಸರಲ್ಲೇ 'ಅಪಾಯ' ಎಂದು ಬರೆದುಕೊಂಡೇ ಇದೆ. ಸಂಖ್ಯೆಯನ್ನು ಮುಟ್ಟದೆ, ಪರಿವರ್ತನೆ ಮಾಡದೆ, ಹಣೆಪಟ್ಟಿ ಮಾತ್ರ ಕಿತ್ತು ಬೇರೆ ಅಂಟಿಸುತ್ತದೆ. ಸಂಖ್ಯೆ ಹೆಕ್ಟೇರಿನದು, ಹಣೆಪಟ್ಟಿ ಎಕರೆಯದು. ಒಂದು ಹೆಕ್ಟೇರಿಗೆ ಸುಮಾರು ಎರಡೂವರೆ ಎಕರೆ. ಎರಡೂವರೆ ಎಕರೆಯ ಎಣ್ಣಿ ಒಂದೇ ಎಕರೆಯ ಮೇಲೆ ಬಿದ್ದಿತ್ತು.

ಆದರೆ ಆ ಆದೇಶ ಅಲ್ಲಿಗೆ ಯಾಕೆ ಬಂತು? ಅದನ್ನು ತೆಗೆದು, ಗುಣಾಕಾರ ಹಾಕಿ ಕಂಪೈಲ್ ಮಾಡಿದೆ. ಟೈಪುಗಳು ಹೊಂದುತ್ತಿಲ್ಲ ಎಂದು ಕಂಪೈಲರ್ ನಿರಾಕರಿಸಿತು. ಸಾಲಂತೂ ಸರಿ ಇದೆ, ಮತ್ತೆ ಯಾಕೆ ಹೊಂದುವುದಿಲ್ಲ?

ಸಾಕ್ಷಿಯನ್ನು ಪಾಟಿ ಸವಾಲಿಗೆ ನಿಲ್ಲಿಸಿದ ಹಾಗೆ ಮಾಡಿದೆ: ಹೌದು, ಇಲ್ಲ, ಎರಡೇ ಉತ್ತರ ಸಾಧ್ಯವಿರುವ ಪ್ರಶ್ನೆ. ಅದೇ ಸಾಲನ್ನು ಎರಡು ಬಗೆಯಲ್ಲಿ ಆವರಣ ಚಿಹ್ನೆ ಹಾಕಿ ಬರೆದೆ. ಮೊದಲ ಬಗೆಯಲ್ಲಿ ಎಡದಿಂದ ಒಂದೊಂದಾಗಿ. ಎರಡನೆಯದರಲ್ಲಿ ನಡುವಿನ ಹೆಕ್ಟೇರ್ ನಕ್ಷತ್ರ ಹೆಕ್ಟೇರ್ ಮೊದಲು ಒಂದಾಗಿ, ಆಮೇಲೆ ಭಾಗಾಕಾರ. ಆವರಣವಿಲ್ಲದ ಸಾಲು ಇವುಗಳಲ್ಲಿ ಯಾವುದಕ್ಕೆ ಸಮ ಎಂದು ಕಂಪೈಲರನ್ನು ಕೇಳಿದೆ. ಮೊದಲನೆಯದಕ್ಕೆ ಇಲ್ಲ ಎಂದಿತು. ಎರಡನೆಯದಕ್ಕೆ ಹೌದು.

ಶಾಲೆಯ ಉದಾಹರಣೆ ಸಾಕು. ಹನ್ನೆರಡನ್ನು ಎರಡರಿಂದ ಭಾಗಿಸಿ ಮೂರರಿಂದ ಗುಣಿಸಿದರೆ ಹದಿನೆಂಟು. ಗುಣಾಕಾರ ಮೊದಲು ಮಾಡಿಬಿಟ್ಟರೆ ಹನ್ನೆರಡನ್ನು ಆರರಿಂದ ಭಾಗಿಸಿದ ಹಾಗಾಗಿ ಎರಡು. ಯಾವುದು ಮೊದಲು ಎಂಬುದು ಪಾರ್ಸರಿಗೆ ತಾನಾಗಿ ತಿಳಿಯದು, ನಾವು ಒಂದು ಸಾಲಿನಲ್ಲಿ ಘೋಷಿಸಬೇಕು. ಓರೆಗೀಟಿಗೆ ಘೋಷಣೆ ಇತ್ತು. ನಕ್ಷತ್ರದ ಹಳೆಯ ಅರ್ಥ ತೆಗೆದು ನಮ್ಮದೇ ಗುಣಾಕಾರವಾಗಿ ಮಾಡಿಕೊಂಡೆವಲ್ಲ, ಅದಕ್ಕೆ ಘೋಷಣೆ ಮಾಡಿರಲಿಲ್ಲ. ಘೋಷಣೆ ಇಲ್ಲದ ಚಿಹ್ನೆಗೆ ಆ ಭಾಷೆ ಎಲ್ಲಕ್ಕಿಂತ ಬಿಗಿಯಾದ ಹಿಡಿತ ಕೊಡುತ್ತದೆ. ಹೀಗಾಗಿ ನಕ್ಷತ್ರ ತನ್ನ ಎರಡೂ ಬದಿಯ ಹೆಕ್ಟೇರುಗಳನ್ನು ಮೊದಲೇ ಎಳೆದುಕೊಂಡು, ಹೊಡೆದು ಹೋಗಬೇಕಾದವು ಎರಡೂ ಕೆಳಗೆ ಸೇರಿದ್ದವು. ಕಂಪೈಲರ್ ಅದನ್ನು ಹಿಡಿದಿತ್ತು. ಬೇಡ ಎಂದಿತ್ತು. ಅದರ ಬಾಯಿ ಮುಚ್ಚಿಸಿದ್ದರು.

ಅಂದರೆ ಆಫೀಸು ನಗುವ ತೊಂದರೆಗೆ ಮಾಡಿದ ಪರಿಹಾರವೇ ಈ ತಪ್ಪಿಗೆ ದಾರಿ ಮಾಡಿತ್ತು, ತಪ್ಪಿನ ಮೇಲೆ ಎಳೆದ ಪರದೆಯೇ ಹೊಲ ಸುಟ್ಟಿತ್ತು. ಎಲ್ಲಿದೆ ಎರಡು ಕಥೆ?

ಇದನ್ನು ಒರೆಗೆ ಹಚ್ಚುವಷ್ಟರಲ್ಲಿ ಫೋನ್ ಬಂತು. ಆಪಾಳ ಡ್ರೋನನ್ನು ಕಾಕಾ ಜೇವರ್ಗಿಯ ಇನ್ನೊಬ್ಬ ಪೈಲಟ್‌ಗೆ ಕೊಟ್ಟಿದ್ದರು. ಆತ ಹೊಲದಲ್ಲಿದ್ದ.

"ಮೇಡಂ, ಪ್ರಮಾಣದ ಮೆಸೇಜ್ ಬಂದಾದ. ನಾ ಕೊಸರು ಪಸರು ಏನೂ ಹಾಕಂಗಿಲ್ಲ, ಕಾಕಾಗ ಮಾತು ಕೊಟ್ಟೀನಿ. ಕಲಸಲಿ?"

"ಕಲಸಬ್ಯಾಡ್ರಿ."

"ಹುಳ ಬಿದ್ದಾವ್ರಿ ಮೇಡಂ. ಮಾಲಕ ಇಲ್ಲೇ ನಿಂತಾನ."

"ನಿಂದರ್ಲಿ. ಡಬ್ಬಿ ಮುಚ್ಚಿ ಇಡ್ರಿ."

ಆಗ ನನ್ನ ಮುಂದೆ ಎರಡು ದಾರಿ ಇದ್ದವು. ಘೋಷಣೆಯ ಒಂದು ಸಾಲು ಹಾಕಿ, ಆದೇಶ ಕಿತ್ತು, ಕೂಡಲೇ ಹೊಸ ಆವೃತ್ತಿ ಬಿಡುವುದು. ವಿಷಯ ತಿಳಿಸಿದಾಗ ಸೀನಿಯರ್ ಫೋನಿನಲ್ಲಿ ಅದನ್ನೇ ಹೇಳಿದರು. "ಒಂದ್ ಸಾಲು ಬೇ, ಒಂದೇ ಸಾಲು! ಸಂಜಿಗಿ ಹಾರಿಸಬೋದು." ಇನ್ನೊಂದು, ಡ್ರೋನಿನ ಸಂದೇಶ ಪೂರ್ತಿ ನಿಲ್ಲಿಸಿ, ಹಣೆಪಟ್ಟಿಯ ಚಿಹ್ನೆ ಇರುವ ಪ್ರತಿ ಸಾಲಿಗೂ ಆವರಣ ಹಾಕಿ, ಬೇರೆಲ್ಲೂ ಕಂಪೈಲರಿನ ಬಾಯಿ ಮುಚ್ಚಿಸಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ಅಷ್ಟರಲ್ಲಿ ಕೆಲವು ಹೊಲಗಳ ಹೂವಿನ ಹೊತ್ತು ದಾಟುತ್ತದೆ, ಹುಳ ಕಾಯುವುದಿಲ್ಲ. ಅದೂ ಯಾರದೋ ಬೆಳೆಯೇ.

ಡ್ರೋನಿನ ಸಂದೇಶ ನಿಲ್ಲಿಸಿದೆ. ಯಾರನ್ನೂ ಕೇಳಲಿಲ್ಲ, ಕೇಳಿದ್ದರೆ ಬಿಡುತ್ತಿರಲಿಲ್ಲ. ಸುಮ್ಮನಿದ್ದ ಕೈಪಂಪಿನ ತಂಡಗಳನ್ನು ಮಟಕಿಯಿಂದ ಜೇವರ್ಗಿಗೆ ಕಳಿಸಿ ಎಂದು ಕಾಕಾಗೆ ಹೇಳಿದೆ.

"ನೀ ಕಂಪನಿ ನಡಸಾಕತ್ತೀಯೋ, ನಾ ನಡಸಾಕತ್ತೀನೋ?" ಎಂದು ಅವರು ಬೈದರು. ಆದರೆ ಜೀಪು ಕಳಿಸಿದರು. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಇಷ್ಟಾದರೂ ಎರಡು ಹೊಲಕ್ಕೆ ತಂಡ ತಡವಾಗಿ ಮುಟ್ಟಿತು, ಅಲ್ಲಿ ಹುಳ ಕಾಯಿ ಕೊರೆದಿತ್ತು. ಆ ಮಾಲಕರು ನನ್ನನ್ನು ಬೈದರೆ ನನ್ನ ಬಳಿ ಪ್ರತಿವಾದವಿಲ್ಲ. ಇತ್ತ ಇನ್ನೂ ಒಂದು ಕಡೆ ಅದೇ ಆದೇಶ ಸಿಕ್ಕಿತು, ಹತ್ತಿಯ ಫೈಲಿನಲ್ಲಿ. ಅದು ಇನ್ನೂ ಯಾರ ಹೊಲಕ್ಕೂ ಹೋಗಿರಲಿಲ್ಲ.

ಎಲ್ಲ ಸರಿಯಾಗಿ ಡ್ರೋನುಗಳು ಮತ್ತೆ ಹಾರಿದ ಮೇಲೆ ಕಾಕಾ ಸಭೆ ಕರೆದರು. ಆಪಾ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಳು. ಸೀನಿಯರ್ ಫೋನಿನ ಸ್ಪೀಕರಿನಲ್ಲಿ. ನಾನು ಗೋಡೆಯ ಮೇಲೆ ಎರಡು ಬಗೆಯ ಆವರಣ ತೋರಿಸಿದೆ, ಹನ್ನೆರಡು ಎರಡು ಮೂರರ ಲೆಕ್ಕ ಹೇಳಿದೆ, ಮುಚ್ಚಳದ ನೀರಿನ ಮಾತೂ ಹೇಳಿದೆ.

"ಖರೆ ಅದ," ಎಂದರು ಸೀನಿಯರ್. "ಆವೃತ್ತಿ ಬಿಡೋದಿತ್ತು, ಕಂಪೈಲರ್ ಹಟಾ ಮಾಡಾಕತ್ತಿತ್ತು. ಆಮ್ಯಾಲ ನೋಡೋಣು ಅಂತ ಹಾಕಿದ್ದೆ. ಈಗ ಸರಿ ಆತಲ್ಲ?"

ಕಾಕಾ ತಲೆಯಾಡಿಸಿದರು. "ಆತು. ಇದು ಸಾಫ್ಟ್‌ವೇರಿಂದು, ಇದು ಮುಗೀತು. ಕೊಸರಿಂದು ಬ್ಯಾರೆ. ಅದು ಶಿಸ್ತಿನ ಪ್ರಶ್ನೆ."

"ಕೊಸರು ಹಾಕಿದ್ದು ತಪ್ಪ್ರಿ," ಎಂದೆ. "ಆಪಾನೂ ಒಪ್ಪ್ಯಾರ. ಆದ್ರ ಮೂರೂ ತಾಲೂಕಿನ ತಂಡ ಹಾಕ್ತಾವ. ಯಾರ ಪಂಪು ಇಸಕೊಂಡೀರಿ?"

"ಅವರ ಹೊಲ ಸುಟ್ಟಿಲ್ಲಲ್ಲ."

"ಆಪಾನ ಡ್ರೋನ್ ತೊಗೊಂಡ ಪೈಲಟ್ ಕೊಸರಿಲ್ಲದ ಹೊಡದಿದ್ರೂ ಸುಡ್ತಿತ್ತು."

"ಸುಡ್ತಿತ್ತು ಅಂತಿ. ಸುಟ್ಟಿಲ್ಲಲ್ಲ ಬೇ."

ನನ್ನ ವಾದದ ದೌರ್ಬಲ್ಯ ಇದೇ ಎಂದು ನನಗೆ ಗೊತ್ತಿತ್ತು. ಎರಡನೆಯ ಹೊಲ ಸುಡದ ಹಾಗೆ ತಡೆದವಳು ನಾನೇ, ಹೀಗಾಗಿ ತೋರಿಸಲು ಎರಡನೆಯ ಹೊಲವಿಲ್ಲ. ಆಪಾ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು. ಚಹಾದ ಕಪ್ಪುಗಳು ಬಂದವು. ಸೀನಿಯರ್ ಬೇರೆ ಕರೆ ಬಂದಿದೆ ಎಂದು ಹೊರಡಲು ನೋಡಿದರು. ಕಾಕಾ ಆಗಲೇ ಮುಂದಿನ ವಿಷಯಕ್ಕೆ ಬಾಯಿ ತೆರೆದಿದ್ದರು.

ನಾನು ಕೂರಲಿಲ್ಲ.

"ಕಾಕಾ, ಒಂದೇ ಪ್ರಶ್ನಿ. ಅವತ್ತು ಆಪಾ ಒಂದು ಹನಿ ಕೊಸರೂ ಹಾಕಿರ್ಲಿಲ್ಲ ಅಂತ ಇಟ್ಕೋರಿ. ಹೊಲ ಹಿಂಗೇ ಸುಟ್ಟಿತ್ತು ಅಂತ ಇಟ್ಕೋರಿ. ಆಗ ನೀವು ಯಾರ ಕೈಯಾಗಿಂದ ಏನ್ ಇಸಕೊಳ್ತಿದ್ರಿ?"